ಕ್ಯಾನ್ಸರ್ ಆಪರೇಷನ್‌ನಲ್ಲಿ ತುಂಡಾದ ತೊಡೆಯ ನರ ಹೊಲಿದರೆ ಕೂಡುತ್ತದೆಯೇ? ಅವ್ವ ಮತ್ತೆ ಗದ್ದೆಗೆ ಇಳಿಯಬಹುದೇ?

ಹೊಲಿಗೆ ಸರಿಯಾಗಿದ್ದರೆ ಹೆಚ್ಚಾಗಿ ಕೂಡುತ್ತದೆ, ಆದರೆ ತಿಂಗಳುಗಟ್ಟಲೆ ಕಾಯಬೇಕು. ಗಂಗಾವತಿಯಿಂದ ನೀವು ಬರೆದದ್ದು ಇಷ್ಟು: ಗರ್ಭಕಂಠದ ಕ್ಯಾನ್ಸರ್‌ಗೆ ಗರ್ಭಕೋಶ, ಸುತ್ತಲಿನ ದುಗ್ಧಗ್ರಂಥಿಯ ಗಂಟುಗಳನ್ನು ತೆಗೆಯುವಾಗ ಬಲಗಡೆಯ ಆಬ್ಚುರೇಟರ್ ನರ (ತೊಡೆಯನ್ನು ಒಳಕ್ಕೆ ಸೆಳೆಯುವ ನರ) ತುಂಡಾಯಿತು, ಅಲ್ಲೇ ಹೊಲಿದರು, ಈಗ ನಡೆಯುವಾಗ ಕಾಲು ಹೊರಗೆ ಹೋಗುತ್ತದೆ, ಮೂತ್ರವೂ ಪೂರ್ತಿ ಖಾಲಿಯಾಗುತ್ತಿಲ್ಲ. ಇವೆರಡೂ ಒಂದೇ ನರದ ತೊಂದರೆಯಲ್ಲ. ಮೊದಲನೆಯದು ಹೊಲಿಯಬಹುದಾದ ನರ. ಎರಡನೆಯದಕ್ಕೆ ಹೊಲಿಗೆಯೇ ಇಲ್ಲ.

ಆಬ್ಚುರೇಟರ್ ನರ ಬೆನ್ನಿನ ಸೊಂಟದ ಭಾಗದ ಎಲ್2, ಎಲ್3, ಎಲ್4 ಎಂಬ ನರಬೇರುಗಳಿಂದ ಹೊರಟು, ಕಿಬ್ಬೊಟ್ಟೆಯ ಒಳಗೋಡೆಗುಂಟ ಇಳಿದು ಒಳತೊಡೆ ಸೇರುತ್ತದೆ. ತೆಗೆಯಬೇಕಾದ ಗಂಟುಗಳು ಇದರ ಸುತ್ತಲೇ ಇರುತ್ತವೆ. ಪಕ್ಕದ ದೊಡ್ಡ ರಕ್ತನಾಳದಿಂದ ರಕ್ತ ಬಂದಾಗ ನರದ ಮೇಲೆ ಕ್ಲಿಪ್ ಬೀಳಬಹುದು, ಸುಟ್ಟು ರಕ್ತ ನಿಲ್ಲಿಸುವ ಕಾಟರಿ ತಗುಲಬಹುದು, ಕತ್ತರಿಯೇ ಆಡಬಹುದು. ಕ್ಲಿಪ್ ಬಿದ್ದದ್ದು ಕಂಡ ಕೂಡಲೇ ತೆಗೆದರೆ ಎಷ್ಟೋ ಸಲ ನರ ತಾನೇ ಚೇತರಿಸಿಕೊಳ್ಳುತ್ತದೆ. ಕತ್ತರಿಯಿಂದ ತುಂಡಾದದ್ದನ್ನು ಹೊಲಿಯುವುದು ಸುಲಭ. ಕಾಟರಿಯಿಂದ ಸುಟ್ಟದ್ದು ಕಷ್ಟ: ಸುಟ್ಟ ತುದಿಯನ್ನು ಆರೋಗ್ಯವಾದ ಎಳೆಗಳು ಕಾಣುವವರೆಗೆ ಕತ್ತರಿಸಬೇಕು, ಆಗ ಉದ್ದ ಸಾಲದೆ ಬರುತ್ತದೆ.

ಅದಕ್ಕೇ ಡಿಸ್ಚಾರ್ಜ್ ಕಾರ್ಡ್ ಒಂದನ್ನೇ ನೋಡಿ ನಾನು ಏನೂ ಹೇಳುವುದಿಲ್ಲ. ಆಪರೇಷನ್ ನೋಟ್‌ನ ಪ್ರತಿ ಕೇಳಿ ತೆಗೆದುಕೊಳ್ಳಿ. ನರ ಹೇಗೆ ತುಂಡಾಯಿತು, ಎರಡು ತುದಿ ಎಳೆಯದೆ ಕೂಡಿದವೋ, ನಡುವೆ ಬೇರೆ ನರ ಹಾಕಿದರೋ, ಅದರಲ್ಲಿರಬೇಕು. ಸರಿಯಾದ ಹೊಲಿಗೆ ಎಂದರೆ ಭೂತಗನ್ನಡಿಯ ಕೆಳಗೆ, ನರದ ಮೈಮೇಲಿನ ಸಣ್ಣ ರಕ್ತನಾಳದ ಗೆರೆ ನೋಡಿ ತಿರುಚದಂತೆ ಎರಡು ತುದಿ ಜೋಡಿಸಿ, ಹೊರಪೊರೆಗೆ ಮಾತ್ರ 8-0ಯಂಥ ಕೂದಲೆಳೆ ನೈಲಾನ್‌ನಿಂದ ನಾಲ್ಕಾರು ಹೊಲಿಗೆ. ಬಿಗಿಯಾಗಿ ಎಳೆದು ಹೊಲಿದರೆ ಅಲ್ಲಿ ರಕ್ತಸಂಚಾರ ಕಡಿಮೆಯಾಗಿ ಗಾಯದ ಗಂಟು ಕಟ್ಟುತ್ತದೆ, ಎಳೆಗಳು ದಾಟುವುದಿಲ್ಲ. ಉದ್ದ ಸಾಲದಿದ್ದರೆ ಕಾಲಿನ ಮೀನಖಂಡದ ಹಿಂದಿನ ಸೂರಲ್ ನರದ ತುಂಡು ಹಾಕುವುದು ವಾಡಿಕೆ. ಅದಕ್ಕೆ ತೆರುವ ಬೆಲೆ ಪಾದದ ಹೊರ ಅಂಚು ಮರಗಟ್ಟುವುದು.

ಹೊಲಿದ ಮೇಲೆ ಎಳೆಗಳು ಬೆಳೆಯುವುದು ದಿನಕ್ಕೆ ಸುಮಾರು 1 ಮಿ.ಮೀ. ಶುರುವಾಗಲಿಕ್ಕೇ ಕೆಲವು ವಾರ ಬೇಕು. ಹಾಗಾಗಿ ಮೊದಲ ಮೂರು ತಿಂಗಳು ಏನೂ ಕಾಣದಿದ್ದರೆ ಗಾಬರಿ ಬೇಡ. ಸಮಾಧಾನದ ಮಾತೆಂದರೆ ತೊಡೆಯನ್ನು ಒಳಕ್ಕೆ ಸೆಳೆಯುವ ಸ್ನಾಯುಗಳಲ್ಲಿ ದೊಡ್ಡದಾದ ಆಡಕ್ಟರ್ ಮ್ಯಾಗ್ನಸ್‌ಗೆ ತೊಡೆಯ ಹಿಂಭಾಗದಲ್ಲಿ ಇಳಿಯುವ ಸಯಾಟಿಕ್ ನರದ ಪಾಲೂ ಇದೆ, ಆದ್ದರಿಂದ ಸಮತಟ್ಟಾದ ನೆಲದಲ್ಲಿ ಹೆಚ್ಚಿನವರು ಓಡಾಡಿಕೊಂಡಿರುತ್ತಾರೆ. ಸಿಕ್ಕಿಬೀಳುವುದು ಗದ್ದೆಯ ಬದುವಿನ ಮೇಲೆ. ಅಲ್ಲಿ ಒಂದು ಹೆಜ್ಜೆಯ ಮುಂದೆ ಇನ್ನೊಂದು ಇಡಬೇಕು, ಬಲಗಾಲು ಬದುವಿನಾಚೆ ಜಾರುತ್ತದೆ. ಈ ಹಂಗಾಮಿನ ನಾಟಿ ಬಿಡಿಸಿ. ಇನ್ನೊಂದು ಕಾರಣವೂ ಇದೆ: ಗಂಟು ತೆಗೆದ ಕಡೆಯ ಕಾಲಿಗೆ ಕೆಸರಿನಲ್ಲಿ ಸಣ್ಣ ಗಾಯವಾದರೂ ಸೋಂಕು ಏರಿ ಬಾವು ನಿಲ್ಲಬಹುದು.

ಮೊದಲ ಮೂರು ವಾರ ಕಾಲು ಅಗಲಿಸಿ ಹಿಗ್ಗಿಸುವುದು ಬೇಡ, ಹೊಲಿಗೆಗೆ ಎಳೆತ ಬೀಳುತ್ತದೆ. ಆಮೇಲೆ ಸರ್ಜನ್ ಒಪ್ಪಿದರೆ ಅಂಗಾತ ಮಲಗಿಸಿ, ಮೊಣಕಾಲು ಮಡಚಿ, ನಡುವೆ ಸುತ್ತಿದ ಟವೆಲ್ ಇಟ್ಟು ಒತ್ತಿಸಿ: 5 ಸೆಕೆಂಡ್ ಹಿಡಿದು ಬಿಡುವುದು, 10 ಸಲ, ದಿನಕ್ಕೆ ಮೂರು ಹೊತ್ತು. ಮರಗಟ್ಟಿದ ಒಳತೊಡೆಗೆ ಬಿಸಿನೀರಿನ ಚೀಲ ಇಡಲೇಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ. ನಮ್ಮ ಕಡೆಯ ಬಿಸಿಲಿಗೆ ಬೆವರಿ ಅಲ್ಲಿ ಚರ್ಮ ಉಜ್ಜಿ ಹುಣ್ಣಾದರೂ ಅಷ್ಟೇ. ದಿನಾ ಕನ್ನಡಿ ಹಿಡಿದು ನೋಡಿ. ವಿಟಮಿನ್ ಬಿ12 ಕೊರತೆ ಇದ್ದರೆ ಮಾತ್ರೆ ಸರಿ, ತುಂಡಾದ ನರವನ್ನು ಅದು ಜೋಡಿಸುವುದಿಲ್ಲ. ಮೀನಖಂಡ ಊದಿ ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿ, ರಕ್ತ ಹೆಪ್ಪುಗಟ್ಟಿರಬಹುದು. ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇನ್ನು ಮೂತ್ರ. ಮೂತ್ರಚೀಲದ ನರಗಳು ಗರ್ಭಕೋಶದ ಎರಡೂ ಬದಿಗೆ ಜೇಡರ ಬಲೆಯಂತೆ ಹರಡಿರುತ್ತವೆ, ಅವನ್ನು ಉಳಿಸಿಕೊಳ್ಳಬಹುದೇ ಹೊರತು ಹೊಲಿಯಲಾಗದು. ಆದರೆ ಹೆಚ್ಚಿನವರಿಗೆ ಕೆಲವು ವಾರ, ತಿಂಗಳುಗಳಲ್ಲಿ ಸುಧಾರಿಸುತ್ತದೆ. ಮೂತ್ರಕ್ಕೆ ಹೋಗಿ ಬಂದ ಕೂಡಲೇ ಸ್ಕ್ಯಾನ್ ಮಾಡಿಸಿ ಎಷ್ಟು ಉಳಿದಿದೆ ನೋಡಿ. ಸಾಮಾನ್ಯವಾಗಿ 100 ಮಿ.ಲೀ.ಗಿಂತ ಹೆಚ್ಚು ಉಳಿಯುತ್ತಿದ್ದರೆ 4ರಿಂದ 6 ಗಂಟೆಗೊಮ್ಮೆ ತೆಳು ಪೈಪ್ ಹಾಕಿ ಖಾಲಿ ಮಾಡುವುದನ್ನು ನರ್ಸ್ ಹತ್ತಿರ ಅವ್ವನೇ ಕಲಿಯಲಿ. ಮೊದಲು ಕೈ ಸೋಪಿನಿಂದ ತೊಳೆಯಬೇಕು. ಒಂದು ಸಲಕ್ಕೆ 400–500 ಮಿ.ಲೀ. ದಾಟಿ ಬರುತ್ತಿದ್ದರೆ ಅಂತರ ಕಡಿಮೆ ಮಾಡಿ. ಚಳಿಜ್ವರ ಬಂದರೆ ಕಾಯಬೇಡಿ.

ರೇಡಿಯೇಷನ್ ಹೇಳಿದ್ದರೆ ನರ ಕೂಡಲಿ ಎಂದು ಅದನ್ನು ಮುಂದೆ ಹಾಕಬೇಡಿ. ನರದ ಪರೀಕ್ಷೆ ಇಎಂಜಿಯನ್ನು 3–4 ವಾರಕ್ಕಿಂತ ಮೊದಲು ಮಾಡಿಸಿದರೆ ದುಡ್ಡು ದಂಡ, ಅಷ್ಟರೊಳಗೆ ಅದು ಪೂರ್ತಿ ಚಿತ್ರ ಕೊಡದು. ಕೊಪ್ಪಳದ ಕಿಮ್ಸ್, ರಾಯಚೂರಿನ ರಿಮ್ಸ್, ಬಳ್ಳಾರಿಯ ಮೆಡಿಕಲ್ ಕಾಲೇಜು ಆಸ್ಪತ್ರೆ, ಎಲ್ಲಿ ಮಾಡುತ್ತಾರೆ ಎಂದು ವಿಚಾರಿಸಿಯೇ ಬಸ್ ಹತ್ತಿ. ನಾಲ್ಕೈದು ತಿಂಗಳಾದರೂ ಟವೆಲ್ ಒತ್ತುವಾಗ ಒಳತೊಡೆಯ ಸ್ನಾಯು ಕೈಗೆ ಮಿಡಿಯದಿದ್ದರೆ, ಇಎಂಜಿಯಲ್ಲೂ ಚೇತರಿಕೆ ಕಾಣದಿದ್ದರೆ, ನರದ ಆಪರೇಷನ್ ಮಾಡುವ ಪ್ಲಾಸ್ಟಿಕ್ ಸರ್ಜನ್‌ಗೆ ತೋರಿಸಿ. ವರ್ಷ, ಒಂದೂವರೆ ವರ್ಷ ಕಳೆದ ಮೇಲೆ ಸ್ನಾಯುವೇ ಸೊರಗಿರುತ್ತದೆ, ಆಗ ನರ ತಲುಪಿದರೂ ಅದು ಎದ್ದು ಕೆಲಸ ಮಾಡದು.