ಮುಟ್ಟು ಏರುಪೇರಾದರೆ ಗರ್ಭಕೋಶ ತೆಗೆಸಲೇಬೇಕೆ?

47ನೇ ವಯಸ್ಸಿನಲ್ಲಿ ಎರಡು ತಿಂಗಳು ಮುಟ್ಟಾಗದೆ ಮೂರನೆಯ ತಿಂಗಳು ಹತ್ತು ದಿನ ರಕ್ತ ಹೋಗುತ್ತದೆ, ರಾತ್ರಿ ಮೈ ಕುದಿದಂತಾಗಿ ಬೆವರುತ್ತದೆ, ಓರಗಿತ್ತಿಯಂತೆ ಗರ್ಭಕೋಶ ತೆಗೆಸಿಬಿಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಅವಸರ ಮಾಡಬೇಡಿ.

ಇವು ಮುಟ್ಟು ನಿಲ್ಲುವ ಮುಂಚಿನ ಕಾಲದ ಲಕ್ಷಣಗಳನ್ನು ಹೋಲುತ್ತವೆ. ಅಂಡಾಶಯವು ಪ್ರತಿ ತಿಂಗಳೂ ಅಂಡವನ್ನು ಬಿಡದಿದ್ದಾಗ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಸಾಲದೆ, ಈಸ್ಟ್ರೊಜೆನ್ ಎಂಬ ಇನ್ನೊಂದು ಹಾರ್ಮೋನು ಒಂದರಿಂದಲೇ ಗರ್ಭಕೋಶದ ಒಳಪದರ ದಪ್ಪವಾಗುತ್ತ ಹೋಗಿ, ಕೊನೆಗೆ ಕಳಚುವಾಗ ಹೆಚ್ಚು ರಕ್ತ ಹೋಗುತ್ತದೆ. ಆದರೆ ಫೈಬ್ರಾಯ್ಡ್ ಗಡ್ಡೆ, ಥೈರಾಯ್ಡ್ ತೊಂದರೆ, ಅಪರೂಪಕ್ಕೆ ಕ್ಯಾನ್ಸರಿನಿಂದಲೂ ಹೀಗಾಗಬಹುದಾದ್ದರಿಂದ, ಹಿಮೋಗ್ಲೋಬಿನ್, ಟಿ.ಎಸ್.ಎಚ್. (ಥೈರಾಯ್ಡ್‌ಗಾಗಿ ಮಾಡುವ ರಕ್ತಪರೀಕ್ಷೆ) ಮತ್ತು ಸ್ಕ್ಯಾನಿಂಗ್ ಮಾಡಿಸಿ. ವೈದ್ಯರು ಒಳಪದರದ ಬಯಾಪ್ಸಿ (ಚಿಕ್ಕ ಚೂರು ತೆಗೆದು ಪರೀಕ್ಷಿಸುವುದು) ಹೇಳಿದರೆ ಹಿಂಜರಿಯಬೇಡಿ.

ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮುಟ್ಟಿನ ದಿನಗಳಿಗೆ ಕೆಂಪು ಚುಕ್ಕಿಯಿಟ್ಟು, ಎಷ್ಟು ಪ್ಯಾಡ್ ಬದಲಿಸಿದೆನೆಂದು ಪಕ್ಕದಲ್ಲೇ ಬರೆದಿಡುತ್ತಿದ್ದೆ (ಮಗ ಅದನ್ನು ಹಾಲಿನ ಲೆಕ್ಕವೆಂದುಕೊಂಡಿದ್ದ). ವೈದ್ಯರಿಗೆ ನನ್ನ ವಿವರಣೆಗಿಂತ ಆ ಹಾಳೆಗಳೇ ಹೆಚ್ಚು ಉಪಯೋಗಕ್ಕೆ ಬಂದವು.

ಕಾರಣ ತಿಳಿಯುವ ಮೊದಲೇ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿದರೆ ಇನ್ನೊಬ್ಬ ಸ್ತ್ರೀರೋಗ ತಜ್ಞರನ್ನು ಕಾಣುವುದು ಮೇಲು. ರಕ್ತಸ್ರಾವ ತಗ್ಗಿಸುವ ಮಾತ್ರೆಗಳಿವೆ, ಗರ್ಭಕೋಶದೊಳಗೆ ಅಳವಡಿಸುವ ಹಾರ್ಮೋನು ಸಾಧನವಿದೆ. ಗರ್ಭಕೋಶದ ಜೊತೆಗೆ ಅಂಡಾಶಯಗಳನ್ನೂ ತೆಗೆದರೆ, ವರ್ಷಗಟ್ಟಲೆ ನಿಧಾನವಾಗಿ ಆಗಬೇಕಾದ ಬದಲಾವಣೆ ಒಮ್ಮೆಲೇ ಆಗಿ, ಈಗಿನ ಬೆವರು ಇನ್ನಷ್ಟು ಹೆಚ್ಚಬಹುದು, ಮೂಳೆಯೂ ಬೇಗ ಸವೆಯುತ್ತದೆ.

ಸತತ 12 ತಿಂಗಳು ಮುಟ್ಟಾಗದಿದ್ದರೆ ಮಾತ್ರ ಅದು ನಿಂತಿತೆಂದು ಅರ್ಥ. ಆಮೇಲೆ ಒಂದು ಹನಿ ರಕ್ತ ಕಂಡರೂ ಕಾಯದೆ ವೈದ್ಯರಿಗೆ ತೋರಿಸಿ.