ಅಮ್ಮನ ಸಕ್ಕರೆ ಕಾಯಿಲೆಯನ್ನು ಅರ್ಜಿಯಲ್ಲಿ ಬರೆಯಬೇಕೆ?

ಪ್ರಶ್ನೆ: ನನ್ನ ತಾಯಿಗೆ 67 ವರ್ಷ. ತಂದೆ ತೀರಿಕೊಂಡ ಮೇಲೆ ನಮ್ಮ ಜೊತೆಯಲ್ಲೇ ಇದ್ದಾರೆ. ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ನನ್ನ ಕಚೇರಿಯ ಗುಂಪು ಆರೋಗ್ಯ ವಿಮೆಯಲ್ಲಿ ತಂದೆತಾಯಿಯರನ್ನು ಸೇರಿಸುವಂತಿಲ್ಲ. ಹೊರಗೆ ಪಾಲಿಸಿ ಮಾಡಿಸಹೋದರೆ, ‘ಶುಗರ್ ವಿಷಯ ಬರೆಯಬೇಡಿ, ಪ್ರೀಮಿಯಂ ಏರುತ್ತದೆ’ ಎನ್ನುತ್ತಾರೆ ಏಜೆಂಟರು. ಏನು ಮಾಡಲಿ?
– ಓದುಗರೊಬ್ಬರು, ತುಮಕೂರು

ಉತ್ತರ: ಬರೆಯಲೇಬೇಕು. ಮುಚ್ಚಿಟ್ಟ ಕಾಯಿಲೆ ಸಾಮಾನ್ಯವಾಗಿ ರೋಗಿಯ ಬಾಯಿಂದಲೇ ಹೊರಬೀಳುತ್ತದೆ. ಆಸ್ಪತ್ರೆಗೆ ಸೇರಿಸಿದ ರಾತ್ರಿ ಡ್ಯೂಟಿ ಡಾಕ್ಟರು ‘ಶುಗರ್ ಎಷ್ಟು ವರ್ಷದಿಂದ ಇದೆಯಮ್ಮಾ?’ ಎಂದು ಕೇಳುತ್ತಾರೆ. ನಿಮ್ಮ ತಾಯಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ. ಆ ಮಾತು ಕೇಸ್ ಶೀಟಿನಲ್ಲಿ ದಾಖಲಾಗಿ ಕ್ಲೇಮಿನ ಕಾಗದಗಳೊಂದಿಗೆ ಕಂಪನಿಯನ್ನು ತಲುಪುತ್ತದೆ. ಆಗ ಕ್ಲೇಮು ತಿರಸ್ಕೃತವಾಗಬಹುದು, ಪಾಲಿಸಿಯೇ ರದ್ದಾಗಲೂಬಹುದು. ಏಜೆಂಟರ ಕಮಿಷನ್ ಮಾತ್ರ ಅಷ್ಟರಲ್ಲಿ ಅವರ ಕೈಸೇರಿರುತ್ತದೆ.

ನಿಜ ಹೇಳಿದರೆ ಆಗುವ ತೊಂದರೆ ನೀವು ಹೆದರಿದಷ್ಟಿಲ್ಲ. ಮೊದಲೇ ಇದ್ದ ಕಾಯಿಲೆಗೆ ಕ್ಲೇಮು ಸಿಗಲು ಕಾಯಬೇಕಾದ ಅವಧಿ ಹಿಂದೆ 48 ತಿಂಗಳವರೆಗೆ ಇತ್ತು. 2024ರ ನಿಯಮಗಳ ಪ್ರಕಾರ ಅದು 36 ತಿಂಗಳನ್ನು ಮೀರುವಂತಿಲ್ಲ. ಮೊದಲ 30 ದಿನ ಕಳೆದರೆ ಡೆಂಗಿಯಂತಹ ಸಂಬಂಧವಿಲ್ಲದ ಕಾಯಿಲೆಗಳಿಗೂ, ಅಪಘಾತಕ್ಕೆ ಆರಂಭದಿಂದಲೂ ರಕ್ಷಣೆ ಇರುತ್ತದೆ. ಕಣ್ಣಿನ ಪೊರೆ, ಮಂಡಿ ಬದಲಾವಣೆಗಳಿಗೆ ಪ್ರತ್ಯೇಕ ಕಾಯುವ ಅವಧಿ ಇರುತ್ತದೆ, ಕೇಳಿ ತಿಳಿಯಿರಿ.

ನನ್ನ ಅಭಿಪ್ರಾಯದಲ್ಲಿ ಪ್ರೀಮಿಯಂಗಿಂತ ಹೆಚ್ಚಾಗಿ ನೋಡಬೇಕಾದದ್ದು ಕೋಣೆ ಬಾಡಿಗೆಯ ಷರತ್ತು. 5 ಲಕ್ಷದ ಪಾಲಿಸಿಯಲ್ಲಿ ಬಾಡಿಗೆಗೆ ದಿನಕ್ಕೆ ವಿಮಾ ಮೊತ್ತದ ಶೇ. 1ರ ಮಿತಿ ಇದ್ದರೆ 5,000 ರೂಪಾಯಿ. ನೀವು 8,000ದ ಕೋಣೆ ಹಿಡಿದಿರೆಂದರೆ ವೈದ್ಯರ, ಶಸ್ತ್ರಚಿಕಿತ್ಸೆಯ ಶುಲ್ಕವನ್ನೂ ಅದೇ ಪ್ರಮಾಣದಲ್ಲಿ ಕಡಿತಗೊಳಿಸುವುದುಂಟು. 80,000ದ ಶುಲ್ಕಕ್ಕೆ 50,000 ಮಾತ್ರ ಬಂದೀತು. ಶೇ. 20ರ ಕೋ-ಪೇಮೆಂಟ್, ಅಂದರೆ ಕ್ಲೇಮಿನಲ್ಲಿ ನೀವೇ ಭರಿಸಬೇಕಾದ ಪಾಲು, ಇದ್ದರೆ ಅದು ಬೇರೆ.

ತಾಯಿಯವರನ್ನು ನಿಮ್ಮ ಕುಟುಂಬದ ಫ್ಲೋಟರ್‌ಗೆ (ಮನೆಯವರೆಲ್ಲ ಒಂದೇ ವಿಮಾ ಮೊತ್ತವನ್ನು ಹಂಚಿಕೊಳ್ಳುವ ಪಾಲಿಸಿಗೆ) ಸೇರಿಸದೆ ಪ್ರತ್ಯೇಕ ಪಾಲಿಸಿ ಮಾಡಿಸಿ. ಫ್ಲೋಟರ್‌ನಲ್ಲಿ ಪ್ರೀಮಿಯಂ ಸಾಮಾನ್ಯವಾಗಿ ಹಿರಿಯರ ವಯಸ್ಸನ್ನೇ ಅನುಸರಿಸುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. ನೀವು ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ, ನಗದಿನಲ್ಲಿ ಕಟ್ಟದ ಪ್ರೀಮಿಯಂಗೆ ತೆರಿಗೆ ಲೆಕ್ಕದ ಆದಾಯದಿಂದ 50,000ದವರೆಗೆ ಕಡಿತವೂ ಉಂಟು.

ಪಾಲಿಸಿ ಕೈಗೆ ಬಂದೊಡನೆ ಅದರೊಂದಿಗಿರುವ ಅರ್ಜಿಯ ಪ್ರತಿಯನ್ನು ಓದಿ. ಸಕ್ಕರೆ ಕಾಯಿಲೆಯ ಪ್ರಶ್ನೆಯ ಮುಂದೆ ಏಜೆಂಟರು ‘ಇಲ್ಲ’ ಎಂದು ಗುರುತಿಸಿದ್ದರೆ ತಕ್ಷಣ ಲಿಖಿತವಾಗಿ ತಿದ್ದಿಸಿ. ಕಂಪನಿ ಒಪ್ಪದಿದ್ದರೆ, ಪಾಲಿಸಿ ಕೈಸೇರಿದ 30 ದಿನಗಳೊಳಗೆ ಅದನ್ನು ಹಿಂದಿರುಗಿಸುವ ಹಕ್ಕು ನಿಮಗಿದೆ.