ಪ್ರಿಂಟ್ ನೂರಾದವು, ಪ್ರಬಂಧ ಯಾಕೆ ಸಾಗುತ್ತಿಲ್ಲ?

ಓದುಗರ ಪತ್ರ: ಲಂಡನ್ನಿನಲ್ಲಿ ಛಾಯಾಗ್ರಹಣದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಊರಿನ ಮನೆಯ ಹಳೇ ಫೋಟೋಗಳನ್ನು ಸೈನೋಟೈಪ್‌ನಲ್ಲಿ, ಅಂದರೆ ಕಬ್ಬಿಣದ ಲವಣಗಳ ದ್ರಾವಣ ಬಳಿದ ಕಾಗದವನ್ನು ಬೆಳಕಿಗೊಡ್ಡಿ, ನೀರಲ್ಲಿ ತೊಳೆದು ನೀಲಿ ಚಿತ್ರ ಪಡೆಯುವ ಹಳೇ ವಿಧಾನದಲ್ಲಿ, ಮತ್ತೆ ಮುದ್ರಿಸುವುದು ನನ್ನ ಕೆಲಸ. ಮೂರನೇ ವರ್ಷ ನಡೆದಿದೆ. 140 ಪ್ರಿಂಟ್ ಆಗಿವೆ, ಬರಹ ಮಾತ್ರ 6,000 ಪದ ದಾಟಿಲ್ಲ. ಏನು ಬರೆಯಬೇಕೆಂದೇ ತೋಚುತ್ತಿಲ್ಲ.

ಸಂಪಾದಕರ ಉತ್ತರ: ಕೆಟ್ಟುಹೋದ ಪ್ರಿಂಟ್‌ಗಳನ್ನು ಎಸೆದಿಲ್ಲ ತಾನೇ? ನಿಮ್ಮ ಪ್ರಬಂಧ ಇರುವುದು ಅವುಗಳಲ್ಲೇ.

ಬ್ರಿಟನ್ನಿನಲ್ಲಿ ಕಲಾಕೃತಿ, ಬರಹ ಎರಡನ್ನೂ ಒಪ್ಪಿಸುವ ಇಂಥ ಪಿಎಚ್‌ಡಿಗೆ ಬರಹ ಸಾಮಾನ್ಯವಾಗಿ 30,000ದಿಂದ 40,000 ಪದ. ಬರೀ ಬರಹದ ಪ್ರಬಂಧಕ್ಕೆ 80,000ದ ಆಸುಪಾಸು. ನಿಮ್ಮ ವಿಶ್ವವಿದ್ಯಾಲಯದ ನಿಯಮಾವಳಿಯನ್ನು ಒಮ್ಮೆ ತೆರೆದು ನೋಡಿ. ಅಷ್ಟು ಪದ ಇಳಿಸಿದ್ದಾರೆಂದರೆ ಉಳಿದ ಭಾರವನ್ನು ಚಿತ್ರಗಳು ಹೊರಬೇಕು. ಮುಗಿದ ಚಿತ್ರವನ್ನು ವರ್ಣಿಸಲು ಕೂತರೆ ಬರಹ 6,000ಕ್ಕೇ ಬತ್ತುತ್ತದೆ. ಮಾಡುವಾಗ ಮಾತ್ರ ಗೊತ್ತಾದದ್ದನ್ನು ಬರೆಯಿರಿ.

ಒಂದು ಉದಾಹರಣೆ. ಬಹುಕಾಲ ಕೆಡದೆ ಉಳಿಯಲೆಂದು ಮಾರುವ ಎಷ್ಟೋ ಕಾಗದಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಸೇರಿಸಿರುತ್ತಾರೆ. ಅದು ಕ್ಷಾರ, ಸೈನೋಟೈಪ್‌ನ ನೀಲಿಯನ್ನು ತಿನ್ನುತ್ತದೆ. ಲಂಡನ್ನಿನ ನಲ್ಲಿ ನೀರೂ ಗಡಸು, ಸ್ವಲ್ಪ ಕ್ಷಾರವೇ; ಮೊದಲ ತೊಳೆತಕ್ಕೆ ಚಿಟಿಕೆ ಸಿಟ್ರಿಕ್ ಆಮ್ಲ ಹಾಕದಿದ್ದರೆ ತೆಳು ಛಾಯೆಗಳು ಹೋಗಬಹುದು. ಹೀಗೆ ಹೋದ ನೀಲಿ ಮರಳುವುದಿಲ್ಲ. ಬಿಸಿಲಿಗೆ ಮಾಸಿದ್ದರೆ ಕತೆ ಬೇರೆ: ಗಾಳಿಯಾಡುವ ಕತ್ತಲಲ್ಲಿಟ್ಟರೆ ಬಹುಮಟ್ಟಿಗೆ ವಾಪಸು ಬರುತ್ತದೆ. ನೋಡಿ, ಎರಡು ಬಗೆಯ ಕಳೆತ, ಅದರಲ್ಲಿ ಒಂದಕ್ಕೆ ಮಾತ್ರ ಮರಳುವಿಕೆ ಉಂಟು. ಮನೆಯವರ ಮುಖಗಳನ್ನೇ ಮುದ್ರಿಸುತ್ತಿರುವ ನಿಮಗೆ ಇದು ಬರೀ ರಸಾಯನಶಾಸ್ತ್ರವಲ್ಲ, ಇಡೀ ಒಂದು ಅಧ್ಯಾಯ.

ಅದಕ್ಕೆ ಪುರಾವೆ ಬೇಕು. ಒಂದೇ ನೆಗೆಟಿವ್ ಹಿಡಿದು, ಸಲಕ್ಕೆ ಒಂದೇ ಸಂಗತಿ ಬದಲಿಸಿ. ದ್ರಾವಣ ಬಳಿಯುವ ಮೊದಲೇ ಕಾಗದದ ಹಿಂದೆ ಪೆನ್ಸಿಲ್‌ನಲ್ಲಿ ಸಂಖ್ಯೆ ಹಾಕಿ. ಪೆನ್ನಿನ ಶಾಯಿ ನೀರಿಗೆ ಹರಡುತ್ತದೆ. ದಿನಚರಿಯ ಸಾಲು ಹೀಗಿರಲಿ: “57. ಎ4, ಕಾರ್ಬೊನೇಟ್ ಇಲ್ಲದ ಕಾಗದ. ದ್ರಾವಣ 3 ಮಿ.ಲೀ. ಯುವಿ (ನೇರಳಾತೀತ ಬೆಳಕಿನ) ಪೆಟ್ಟಿಗೆ, 8 ನಿಮಿಷ. 56ಕ್ಕಿಂತ ಬೇರೆ: ತೊಳೆದ ನೀರು ಮಾತ್ರ. ಕೆನ್ನೆಯ ತೆಳು ನೀಲಿ ಉಳಿದಿದೆ.” ಒದ್ದೆಯಿರುವಾಗ ತೀರ್ಪು ಕೊಡಬೇಡಿ, ಒಣಗುತ್ತಾ ನೀಲಿ ಗಾಢವಾಗುತ್ತದೆ, 24 ಗಂಟೆ ಬಿಟ್ಟು ನೋಡಿ.

56, 57ರಂಥ ಐದಾರು ಜೋಡಿಗಳನ್ನು ಮೇಜಿನ ಮೇಲೆ ಹರವಿಕೊಂಡು, ಜೋಡಿಗೆ 500 ಪದದಂತೆ ಬರೆಯಿರಿ: ಏನು ಬದಲಿಸಿದಿರಿ, ಏನಾಯಿತು, ಪ್ರಶ್ನೆ ಎತ್ತ ತಿರುಗಿತು. ಹಿಂದಿನವರ ಕೃತಿಗಳ ವಿಮರ್ಶೆ ಆಮೇಲೆ ಬರಲಿ. ಅದನ್ನೇ ಮೊದಲು ಹಿಡಿದವರು ಅಲ್ಲೇ ವರ್ಷ ಕಳೆಯುತ್ತಾರೆ.

ಇನ್ನೆರಡು ಮಾತು. ಪ್ರದರ್ಶನ ಕೆಲವೇ ದಿನದ್ದು, ಗ್ರಂಥಾಲಯದಲ್ಲಿ ಉಳಿಯುವುದು ಅದರ ದಾಖಲೆ. ಗೋಡೆ, ಎತ್ತರ, ಬೆಳಕು, ಪ್ರಿಂಟ್‌ಗಳ ನಡುವಿನ ಅಂತರ ಎಲ್ಲವನ್ನೂ ಚಿತ್ರೀಕರಿಸಿಡಿ. ಫೋಟೋದಲ್ಲಿರುವ ಬಂಧುಗಳ ಲಿಖಿತ ಒಪ್ಪಿಗೆ, ವಿಶ್ವವಿದ್ಯಾಲಯದ ನೈತಿಕ ಅನುಮೋದನೆ ಎರಡೂ ಕೈಯಲ್ಲಿವೆಯೇ? ಮುಗಿಸಿದ ಕೆಲಸಕ್ಕೆ ಹಿಂದಿನ ತಾರೀಖಿನಿಂದ ಅನುಮೋದನೆ ಸಾಮಾನ್ಯವಾಗಿ ಸಿಗುವುದಿಲ್ಲ. ಇಲ್ಲವಾದರೆ ಈ ವಾರವೇ ಮಾರ್ಗದರ್ಶಕರ ಜೊತೆ ಮಾತಾಡಿ.